ಹೇಳಬಾರದ ಊರಿನ ಹೆಸರು

ಮೆಕ್ಸಿಕೋ ದೇಶದಲ್ಲಿ ಯಾಕಿ ಅಂತ ಒಂದು ಬುಡಕಟ್ಟು. ನೆಲಕ್ಕಾಗಿ ಹೋರಾಡಿದ ಅವರ ಮುಖಂಡನನ್ನು ಸರ್ಕಾರ ಹಿಡಿದು ಗುಂಡಿಟ್ಟು ಕೊಂದಿತು. ಆಮೇಲೆ ಅಲ್ಲಿಯ ಒಂದು ತಾಲ್ಲೂಕಿಗೆ ಅವನದೇ ಹೆಸರು ಬಂತು. ಮೊನ್ನೆ ಇದನ್ನು ಓದಿದವಳು ಪುಸ್ತಕವನ್ನು ರಪ್ಪನೆ ಮುಚ್ಚಿದೆ. ಅಷ್ಟು ದೂರ ಯಾಕೆ, ನಮ್ಮ ಕೋಟೆ ತಾಲ್ಲೂಕಿನಲ್ಲೇ ಇದನ್ನು ಕಣ್ಣಾರೆ ಕಂಡಿದ್ದೇನೆ.

ಐವತ್ತರ ದಶಕದ ಮಾತು. ಮದುವೆಯಾದ ಹೊಸತು. ಅಂತರಸಂತೆಯ ತವರಿನಿಂದ ಕಾಡಂಚಿನ ಗಂಡನ ಊರಿಗೆ ಬಸ್ಸಿನಲ್ಲಿ ಹೊರಟಿದ್ದೆ. ನನ್ನ ಕಾಲ ಬಳಿ ಜೇನುಕುರುಬರ ಮುದುಕಿಯೊಬ್ಬಳು ಕೂತಿದ್ದಳು. ಜ್ವರದಲ್ಲಿ ಮಲಗಿದ ಮಗಳಿಗೆಂದು ಕೊಂಡ ಔಷಧಿಯ ಸೀಸೆಯನ್ನು ಎದೆಗವಚಿಕೊಂಡಿದ್ದಳು.

"ಎಲ್ಗೆ?" ಎಂದ ಕಂಡಕ್ಟರ್.

ಅವಳು ಕಾಡೊಳಗಿನ ತನ್ನ ಹಳೆಯ ಹಾಡಿಯ ಹೆಸರು ಹೇಳಿದಳು.

"ಅದೆಲ್ಲೈತೆ ಈಗ? ಕಿತ್ತಾಕವ್ರಲ್ಲ. ಕಾಲೋನಿಗಾ? ಕಾಲೋನಿ ಎಲ್ಡವೆ, ಯಾವ್ದು ಯೋಳು."

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಅವನು ಮತ್ತೆ ಕೇಳಿದ, ಗದರಿದ, ಕೊನೆಗೆ ಸೀಟಿ ಊದಿ ಬಸ್ಸು ನಿಲ್ಲಿಸಿದ. "ಇಳಿ ಕೆಳಕ್ಕೆ." ಹೊತ್ತು ಮುಳುಗುತ್ತಿತ್ತು. ಅದು ಆನೆ ತಿರುಗುವ ದಾರಿ.

ಆಗ ಅವಳ ಮುಖ ನೋಡಿದೆ, ಗುರುತು ಸಿಕ್ಕಿತು. ಇವಳ ಗಂಡನೇ ಆ ಹಾಡಿಯ ಯಜಮಾನ. ತೇಗ ನೆಡಬೇಕೆಂದು ಹಾಡಿ ಖಾಲಿ ಮಾಡಿಸಲು ಬಂದ ಅರಣ್ಯ ಇಲಾಖೆಯವರಿಗೆ ಅಡ್ಡ ನಿಂತವನು. ನಮ್ಮಪ್ಪನ ಅಂಗಡಿ ಮುಂದೆ, ಇವಳ ಕಣ್ಣೆದುರೇ ಅವನಿಗೆ ಕೋಳ ಹಾಕಿ ಎಳೆದುಕೊಂಡು ಹೋಗಿದ್ದರು. ಜೈಲಿನಿಂದ ಅವನ ಹೆಣವೂ ಬರಲಿಲ್ಲ. ಆಮೇಲೆ ಅವನ ಜನವನ್ನೆಲ್ಲ ಒಂದು ಕಾಲೋನಿಗೆ ತಂದು ಸುರಿದು, ದೊಡ್ಡ ಮನಸ್ಸು ಮಾಡಿ, ಕಾಲೋನಿಗೆ ಅವನದೇ ಹೆಸರಿಟ್ಟರು. ನಮ್ಮ ಕಡೆ ಯಾವ ಹೆಂಗಸು ಗಂಡನ ಹೆಸರು ಹೇಳುತ್ತಾಳೆ?

ನನಗೆ ಮೈಯೆಲ್ಲ ಉರಿದುಹೋಯಿತು. ಆ ಹೆಸರನ್ನು ನಾನೇ ಗಟ್ಟಿಯಾಗಿ ಹೇಳಿದೆ.

"ಅದ್ನ ಅವ್ಳೇ ಬೊಗಳೋಕೇನಾಗಿತ್ತು?" ಎಂದ ಕಂಡಕ್ಟರ್.

"ನಿಮ್ಮ ಮನೆಯವ್ರು ನಿಮ್ಮ ಹೆಸರು ಹಿಡ್ದು ಕರೀತಾರೇನ್ರಿ? ಅದು ಅವಳ ಗಂಡನ ಹೆಸರು ಕಣ್ರೀ."

ಬಸ್ಸಿನಲ್ಲಿ ಒಬ್ಬಿಬ್ಬರು ನಕ್ಕರು. ಅವನು ಚೀಟಿ ಹರಿದು ಕೊಟ್ಟು ಮುಂದೆ ಹೋದ. ಸೊಸೆ ಬಾಯಿಬಡುಕಿ ಎಂಬ ಸುದ್ದಿ ನಾನು ಮನೆ ಹೊಕ್ಕುವ ಮೊದಲೇ ಅತ್ತೆಗೆ ಮುಟ್ಟಿತ್ತು. ಮುಟ್ಟಲಿ ಬಿಡಿ.

ಕಾಲೋನಿ ಬಂದಾಗ ಮುದುಕಿ ನನ್ನ ಕೈ ಹಿಡಿದಳು. "ಅವತ್ತು ಅವ್ರ ಕೈ ಕಟ್ಟಿದ್ರು ಕಣವ್ವ. ಈಗ ನನ್ ಬಾಯ್ ಕಟ್ಟವ್ರೆ." ಇಳಿದು, ಗಂಡಸರೆದುರು ಹಾಯುವಾಗ ಮಾಡುವಂತೆ ತಲೆಯ ಮೇಲೆ ಸೆರಗೆಳೆದುಕೊಂಡು, ಹೆಸರಿನ ಬೋರ್ಡಿನ ಮುಂದೆ ಹಾಯದೆ, ಹಿಂದಿನಿಂದ ಬಳಸಿ ಹೋದಳು.

ಆ ಬೋರ್ಡು ನೆಟ್ಟ ಸಾಹೇಬರೇನು ಪರದೇಶದವರಲ್ಲ. ಅವರ ಮನೆಗಳಲ್ಲೂ ಹೆಂಡತಿಯರಿದ್ದರು, ಅವರೂ ಗಂಡನ ಹೆಸರು ಹೇಳುವವರಲ್ಲ. ಹಾಡಿಯವನಿಗೂ ಒಬ್ಬ ಹೆಂಡತಿ ಇರಬಹುದೆಂದು ಅವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.