ಧನರಾಜನ ಚಾದರದ ಗಂಟು

ಹನ್ನೂರಿನ ಧನರಾಜ ಸೋಲಾಪುರದ ಚಾದರ ಕಾರ್ಖಾನೆಯಲ್ಲಿ ದುಡಿಯುವವನು. ಮಗ್ಗದಿಂದ ಇಳಿದ ಚಾದರಗಳ ಅಂಚಿಗೆ ಗೊಂಡೆ ಕಟ್ಟುವುದು ಹೆಂಗಸರು ಮನೆಯಲ್ಲೇ ಕೂತು ಮಾಡುವ ಕೆಲಸ. ಅದಕ್ಕೇ ಸಂಜೆ ಬೈಕಿನ ಮೇಲೆ ಒಂದು ಗಂಟು ಊರಿಗೆ ತರುತ್ತಾನೆ. ಹೆಂಡತಿ ರಖಮಾಬಾಯಿ ಎಳೆ ಹೊಸೆದು ಕೊಟ್ಟ ಮಾಲನ್ನು ಬೆಳಿಗ್ಗೆ ವಾಪಸು ಒಯ್ಯುತ್ತಾನೆ. ಮಾರುವ ಮಾಲಲ್ಲ, ಅದಕ್ಕೆ ಬಿಲ್ಲು ಎಲ್ಲಿಂದ ಬರಬೇಕು? ಅಕ್ಕಲಕೋಟ ರಸ್ತೆಯ ತಪಾಸಣೆ ನಾಕಾದಲ್ಲಿ ನಿಲ್ಲುವ ಪೊಲೀಸರಿಗೆ ಮಾತ್ರ ಇಷ್ಟು ಸಣ್ಣ ಸಂಗತಿ ವರ್ಷಗಟ್ಟಲೆ ತಲೆಗೆ ಹೋಗಲಿಲ್ಲ. ಕಾರುಗಳು ಭರ್ರನೆ ಹೋಗುತ್ತಿದ್ದವು, ಧನರಾಜನ ಹಳೇ ಬೈಕಿಗೇ ಕೈ ಅಡ್ಡ ಬರುತ್ತಿತ್ತು. ಇಳಿ, ಬಿಚ್ಚು, ಎಲ್ಲಿ ಕದ್ದಿ? ಬಿಚ್ಚಿ ತೋರಿಸಿ, ಧೂಳು ಝಾಡಿಸಿ, ಮತ್ತೆ ಕಟ್ಟಿಕೊಂಡು ಮನೆ ಮುಟ್ಟುವಷ್ಟರಲ್ಲಿ ಜೀವ ಹೈರಾಣಾಗುತ್ತಿತ್ತು.

ಮಗಳು ಉಜ್ವಲಾ ಸೋಲಾಪುರದ ಹಾಸ್ಟೆಲಿನಲ್ಲಿದ್ದು ಕಾನೂನು ಓದುತ್ತಾಳೆ. ಅವಳಿಗೆ ಇದನ್ನು ಕೇಳಿದರೇ ಮೈ ಉರಿಯುತ್ತಿತ್ತು.

"ಅಪ್ಪಾ, ಹೆಸರು, ಊರು ಕೇಳಿದ್ರ ಹೇಳು. ಆದ್ರ ಸಂಶೇಕ್ಕ ಕಾರಣ ಇಲ್ಲದ ಗಂಟು ಬಿಚ್ಚಸಾಕ ಅವರಿಗೆ ಹಕ್ಕಿಲ್ಲ. ಯಾಕ್ರಿ ಸಾಹೇಬ್ರ, ಅಂತ ಒಂದ್ಸಲ ಕೇಳು."

"ಕೇಳ್ತೀನವ್ವಾ," ಎನ್ನುತ್ತಿದ್ದ. ಹಾಗೆ ಕೇಳಿದವನೊಬ್ಬನನ್ನು ಠಾಣೆಯಲ್ಲಿ ದಿನವಿಡೀ ಕೂಡಿಸಿದ್ದು ಅವನಿಗೆ ಗೊತ್ತಿತ್ತು. ಮಗಳಿಗೆ ಅದನ್ನು ಹೇಳಲಿಲ್ಲ.

ಮಗಳು ರಜೆಗೆ ಊರಿಗೆ ಹೊರಟ ಸಂಜೆ ಧನರಾಜ ಅವಳನ್ನು ಬೈಕಿನ ಹಿಂದೆ ಕೂಡಿಸಿಕೊಂಡು, ಗಂಟನ್ನು ಮುಂದೆ ಪೆಟ್ರೋಲ್ ಟಾಕಿಯ ಮೇಲಿಟ್ಟುಕೊಂಡ.

"ಇವತ್ತರೆ ಕೇಳ್ತಿಯಿಲ್ಲೋ?"

"ಕೇಳ್ತೀನಿ. ನಿನ್ನ ಮುಂದನ ಕೇಳ್ತೀನಿ."

ಸುಳ್ಳಲ್ಲ, ಮಗಳ ಎದುರು ಕಳ್ಳನ ಹಾಗೆ ನಿಲ್ಲುವುದು ಅವನಿಗೆ ಬೇಡವಾಗಿತ್ತು. ದಾರಿಯುದ್ದಕ್ಕೂ 'ಯಾಕ್ರಿ ಸಾಹೇಬ್ರ' ಎಂಬ ಎರಡು ಮಾತನ್ನೇ ಬಾಯಲ್ಲಿ ಹೊರಳಿಸಿದ.

ನಾಕಾದಲ್ಲಿ ಹೊಸ ಪೊಲೀಸಿನವನಿದ್ದ, ಹರೆಯದವನು. ಕೈ ತೋರಿಸಿ ನಿಲ್ಲಿಸಿ, "ಕಾಕಾ, ಗಾವ್ ಕುಠಲಂ?" ಎಂದ. ಯಾವೂರು ಎಂದಷ್ಟೇ ಮರಾಠಿಯಲ್ಲಿ ಕೇಳಿದ್ದು.

"ಹನ್ನೂರ," ಎನ್ನುತ್ತ ಧನರಾಜ ಇಳಿದ. ಗಂಟನ್ನು ನೆಲಕ್ಕಿಟ್ಟು ಬಿಚ್ಚಿದ. ಒಂದೊಂದೇ ಚಾದರವನ್ನು ಝಾಡಿಸಿ ತೋರಿಸತೊಡಗಿದ.

ಹುಡುಗ ಕಕ್ಕಾಬಿಕ್ಕಿಯಾದ. ಗಡಿಯ ದುಧನಿ ಕಡೆಯವನಿರಬೇಕು, ಕನ್ನಡಕ್ಕೆ ಹೊರಳಿ, "ಬಿಚ್ರಿ ಅಂತ ನಾ ಎಲ್ಲಿ ಅಂದ್ನಿರಿ, ಕಾಕಾ?" ಎಂದ.

ಧನರಾಜನ ಕೈ ಆಗ ನಿಂತಿತು. ತಿರುಗಿ ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ. ನಾಚಿಕೆಗಿಂತ ದಣಿವೇ ಹೆಚ್ಚಾಗಿತ್ತು, ಅಲ್ಲೇ ಕೂತುಬಿಡಬೇಕೆನಿಸಿತು. ಉಜ್ವಲಾ ಬಂದು ಚಾದರದ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಮಡಚಿದರು.

"ಏನ್ ಮಾಡ್ಲಿ ಯವ್ವಾ," ಎಂದ, "ಕೈಗೆ ರೂಢಿ ಬಿದ್ದೈತಿ."

ಅವಳು ಕಣ್ಣೊರೆಸಿಕೊಂಡು ಗಂಟು ಬಿಗಿದಳು.