ಮುಂಗೈ ಮೇಲೆ ಮೂರು ಸುತ್ತು

ಜಂಗಮಕೋಟೆಯ ಮುನಿಗಂಗಮ್ಮ ಕೈ ತೊಳೆದಷ್ಟು ಆ ಬೀದಿಯಲ್ಲಿ ಇನ್ಯಾರೂ ತೊಳೆಯುತ್ತಿರಲಿಲ್ಲ. ಹುಳದ ಮನೆಗೆ ಕಾಲಿಡುವ ಮುಂಚೆ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಕೈ ಅದ್ದಿ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸುಣ್ಣ ಚೆಲ್ಲಿದ ಹೊಸ್ತಿಲು ದಾಟುವಳು. ರೇಷ್ಮೆ ಹುಳ ಬಲು ನಾಜೂಕಿನ ಜೀವ. ಯಾರದೋ ಕೈಯ ಕೊಳೆಗೆ ಮನೆ ತುಂಬ ಹುಳ ಕಪ್ಪಾಗಿ ಬಿದ್ದದ್ದನ್ನು ಅವಳು ಕಂಡಿದ್ದಳು.

ಎರಡು ಸಾವಿರದ ಎಂಟರ ಕಾರ್ತಿಕದಲ್ಲಿ ಮಗಳು ಮಾಲಾ ಪೆರೇಸಂದ್ರದಿಂದ ಬಾಣಂತನಕ್ಕೆ ಬಂದಿದ್ದಳು. ಮುನಿಗಂಗಮ್ಮ ಆಗಲೂ ಹಾಗೇ ಕೈ ತೊಳೆಯುವಳು, ಸೆರಗಿನಲ್ಲಿ ಒರೆಸಿಕೊಳ್ಳುವಳು, ಕೋಣೆಯ ಬಾಗಿಲವರೆಗೆ ಬರುವಳು. ಬಂದು ಅಲ್ಲೇ ನಿಂತುಬಿಡುವಳು. ಒಳಗೆ ಹಳೇ ಸೀರೆಯ ಜೋಲಿಯಲ್ಲಿ ಮೊಮ್ಮಗಳು ಮಲಗಿರುತ್ತಿತ್ತು. ಮಗುವಿಗೆ ನೀರು ಹಾಕಲು ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಬರುತ್ತಿದ್ದಳು. ಅಜ್ಜಿ ನೀರು ಕಾಯಿಸಿ, ಹಂಡೆಯಿಂದ ತೋಡಿ ಕೊಟ್ಟು, ಹಿಂದೆ ಸರಿಯುತ್ತಿದ್ದಳು.

ಕಾರಣ ಅವಳ ಮೈಮೇಲೇ ಇತ್ತು, ಆದರೆ ಅವಳು ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಬೇಸಿಗೆಯಲ್ಲಿ ಶುರುವಾದ ಪಿತ್ತದ ಗಂಧೆ ಮಳೆಗಾಲ ಮುಗಿದರೂ ಬಿಟ್ಟಿರಲಿಲ್ಲ. ಬೆಳಿಗ್ಗೆ ತೊಡೆಯ ಮೇಲೆ ಎದ್ದದ್ದು ಮಧ್ಯಾಹ್ನಕ್ಕೆ ಮಾಯ. ಸಂಜೆಗೆ ಬೆನ್ನ ಮೇಲೆ ಅಂಗೈಯಗಲ ಕೆಂಪಗೆ ಮತ್ತೆ ಹಾಜರು. ಒಂದೊಂದು ದಿನ ತುಟಿಯೇ ಊದಿಕೊಳ್ಳುವುದು. ಚಿಕ್ಕವೆಂಕಟಮ್ಮ ಕರಿ ಕಂಬಳಿಯಿಂದ ಮೈ ತಿಕ್ಕಿದಳು, ಮೆಣಸು ಬೆಲ್ಲ ತಿನ್ನಿಸಿದಳು. ಗಂಡ ಕೋನಪ್ಪ ಮುರುಗಮಲ್ಲದ ದರ್ಗಾಕ್ಕೂ ಕರೆದುಕೊಂಡು ಹೋಗಿ ಬಂದ. ಕೊನೆಗೆ ಚಿಕ್ಕಬಳ್ಳಾಪುರದ ಚರ್ಮದ ಡಾಕ್ಟರಮ್ಮ ನೋಡಿ, "ಇಷ್ಟು ತಿಂಗಳಿಂದ ಇದೆ ಅಂದ್ರೆ ಎಷ್ಟು ಜೋರಿದೆ ಅಂತ ತಿಳೀಬೇಕು. ರಕ್ತ ಪರೀಕ್ಷೆ ಮಾಡಿಸಿ" ಎಂದಿದ್ದರು.

ಪರೀಕ್ಷೆ ಎಂದ ಕೂಡಲೇ ಮುನಿಗಂಗಮ್ಮನಿಗೆ ಹಳೆಯ ಕೂಲಿಯ ದಿನಗಳು ನೆನಪಾದವು.

ಮದುವೆಗೆ ಮುಂಚೆ ಅವಳು ರೇಷ್ಮೆ ಮೊಟ್ಟೆ ತಯಾರಿಸುವ ಒಂದು ಬಿತ್ತನೆ ಕೋಠಿಗೆ ಕೂಲಿಗೆ ಹೋಗುತ್ತಿದ್ದಳು. ಚಿಟ್ಟೆಗಳು ಹಾಳೆಯ ಮೇಲೆ ಸಾಸಿವೆಯಂಥ ಮೊಟ್ಟೆಗಳನ್ನು ಸುತ್ತಿ ಸುತ್ತಿ ಇಡುತ್ತಿದ್ದವು. ಇಟ್ಟಾದ ಮೇಲೆ ತಾಯಿ ಚಿಟ್ಟೆಯನ್ನು ಪುಟ್ಟ ಕುಟ್ಟಾಣಿಯಲ್ಲಿ ಅರೆದು, ಅದರ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ಸಾಹೇಬರ ಮುಂದೆ ಇಡುವುದು ಅವಳ ಕೆಲಸ. ಅವರು ಕೊಳವೆಯಲ್ಲಿ ಕಣ್ಣಿಟ್ಟು ನೋಡಿ, ಗಂಟುರೋಗ ಕಂಡರೆ ತಲೆಯಾಡಿಸುವರು. ಆ ತಾಯಿಯ ಮೊಟ್ಟೆಗಳಷ್ಟೂ ಬೆಂಕಿಗೆ. ಮೊಟ್ಟೆ ಕಣ್ಣಿಗೆ ಎಷ್ಟೇ ಚೆನ್ನಾಗಿರಲಿ, ಯಾರೂ ಮೊಟ್ಟೆಯನ್ನು ಪರೀಕ್ಷೆ ಮಾಡುತ್ತಿರಲಿಲ್ಲ. ತಾಯಿಯನ್ನು ಮಾಡುತ್ತಿದ್ದರು. ಆ ರೋಗ ಹೊಟ್ಟೆಯಿಂದಲೂ ಬರುವುದು, ಒಂದೇ ತಟ್ಟೆಯ ಸೊಪ್ಪು ಮೇಯ್ದರೂ ಅಂಟುವುದು.

ಮಾಲಾ ತನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ಅವಳ ಹೊಟ್ಟೆಯದು ಈ ಮಗು. ಹೊಟ್ಟೆಯಿಂದ ಹೋಗಿದ್ದರೆ ಏನೂ ಮಾಡುವಂತಿಲ್ಲ, ಮುಟ್ಟಿ ಅಂಟಿಸುವುದಾದರೂ ಬೇಡ. ಪರೀಕ್ಷೆ ಏನು ಹೇಳುತ್ತದೋ ಹೇಳಲಿ, ಅಲ್ಲಿಯವರೆಗೆ ದೂರ ಇರುತ್ತೇನೆ. ಹೀಗೆಂದು ಅವಳು ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದಳು.

ಅಮ್ಮನ ಗಂಧೆ ಮಾಲಾಗೆ ಗೊತ್ತು, ಈ ಭಯ ಗೊತ್ತಿಲ್ಲ. ಅಮ್ಮ ತಂಬಿಟ್ಟು ಮಾಡಿಕೊಡುತ್ತಾಳೆ, ಕಷಾಯ ಕಾಯಿಸುತ್ತಾಳೆ, ಮಗು ಅತ್ತರೆ ಮಾತ್ರ ಅಂಗಳಕ್ಕೆ ಓಡುತ್ತಾಳೆ. ಒಂದು ದಿನ ತಡೆಯಲಾರದೆ ಕೇಳಿಬಿಟ್ಟಳು.

"ಗಂಡಾಗಿದ್ರೆ ಎತ್ಕೊಂತಿದ್ದೆ ಅಲ್ವೇನಮ್ಮ?"

"ಏ, ಏನ್ ಮಾತು ಅಂತ ಆಡ್ತೀಯೇ!"

"ಮತ್ತೆ? ನಮ್ಮತ್ತೇನೇ ವಾಸಿ. ಮೂತಿ ತಿರುವಿದ್ರೂ ಎತ್ಕೊಂಡು ತಿರುವಿದ್ರು."

ಮುನಿಗಂಗಮ್ಮ ಸೊಪ್ಪು ಕೊಯ್ಯಬೇಕೆಂದು ಎದ್ದು ಹೋದಳು. ತೋಟದಲ್ಲಿ ಕುಡುಗೋಲು ಹಿಡಿದುಕೊಂಡೇ ಅತ್ತಳು. ಅತ್ತದ್ದಕ್ಕೋ ಬಿಸಿಲಿಗೋ ಕತ್ತಿನ ಸುತ್ತ ಗಂಧೆ ಎದ್ದಿತು.

ರಕ್ತ ಕೊಟ್ಟ ದಿನವಂತೂ ಮೈಯೆಲ್ಲ ಉರಿ. ತುಟಿ ಊದಿ ಮಾತೇ ಸರಿಯಾಗಿ ಹೊರಡುತ್ತಿರಲಿಲ್ಲ. ಸಂಜೆ ಲ್ಯಾಬಿನವನು ಚೀಟಿ ಕೊಟ್ಟು, "ಇ.ಎಸ್.ಆರ್., ಸಿ.ಆರ್.ಪಿ. ಎರಡೂ ನಾರ್ಮಲ್ ಅದೆ, ಭಯ ಬೀಳಬೇಡಿ" ಎಂದ. ಕೋನಪ್ಪ ಚೀಟಿ ನೋಡಿದ, ಹೆಂಡತಿಯ ಮುಖ ನೋಡಿದ.

"ರಕ್ತ ಏನೂ ಇಲ್ಲ ಅಂತದೆ, ಮೂತಿ ನೋಡಿದ್ರೆ ಜೇನುಹುಳ ಕಚ್ಚಿದಂಗದೆ. ಯಾರ ಮಾತು ನಂಬೋದಮ್ಮೆ?"

ಬಸ್ಸಿನಲ್ಲಿ ಮುನಿಗಂಗಮ್ಮ ಅದನ್ನೇ ಯೋಚಿಸಿದಳು. ಕೋಠಿಯಲ್ಲಿ ಹೀಗೆ ಆಗಿದ್ದೇ ಇಲ್ಲ. ಚಿಟ್ಟೆ ಸೊಟ್ಟಗಿದ್ದರೆ ಗಾಜೂ ಸೊಟ್ಟ ಮಾತೇ ಹೇಳುತ್ತಿತ್ತು. ರೋಗ ತನ್ನ ರಕ್ತದಲ್ಲಿ ಇಲ್ಲದಿದ್ದರೆ ಮತ್ತೆ ಇರುವುದೆಲ್ಲಿ?

ಮುಂದಿನ ಸಲ ಹೋದಾಗ ಡಾಕ್ಟರಮ್ಮ ಚೀಟಿ ನೋಡಿ ಇನ್ನೊಂದು ಪರೀಕ್ಷೆ ಆಗಬೇಕೆಂದರು. ಅದಕ್ಕೆ ಮುಂಚೆ ಕೆಲವು ದಿನ ನವೆ ತಡೆಯುವ ಮಾತ್ರೆ ನುಂಗುವಂತಿಲ್ಲ. ಆ ದಿನಗಳು ಹೇಗೆ ಕಳೆದವೋ ಅವಳಿಗೇ ಗೊತ್ತು. ಹೋಗುವ ದಿನ ಬಂದಾಗ ಹುಳ ನಾಲ್ಕನೇ ಜ್ವರ ಎದ್ದಿತ್ತು. ಕೊನೆಯ ಸಲ ಪೊರೆ ಕಳಚಿ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಕೋನಪ್ಪ ಕದಲುವಂತಿರಲಿಲ್ಲ. ಅವಳೊಬ್ಬಳೇ ಶಿಡ್ಲಘಟ್ಟಕ್ಕೆ ಬಂದು ಬಸ್ಸು ಬದಲಿಸಿ ಚಿಕ್ಕಬಳ್ಳಾಪುರ ಸೇರಿದಳು.

ಎಡಗೈಯಿಂದ ರಕ್ತ ತೆಗೆದರು. ಅದನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿದಾಗ ಮೇಲೆ ಹೊಂಬಣ್ಣದ ತಿಳಿ ನಿಂತಿತು. ಡಾಕ್ಟರಮ್ಮ ಅವಳ ಬಲ ಮುಂಗೈ ಮೇಲೆ ಮೂರು ಕಡೆ ಸಣ್ಣ ಸೂಜಿ ಚುಚ್ಚಿ, ಪೆನ್ನಿನಿಂದ ಮೂರು ಸುತ್ತು ಬರೆದರು.

"ಮೊದಲನೇದು ಬರೀ ಉಪ್ಪುನೀರು. ನಡುವಿನದು ಗಂಧೆ ಏಳಿಸೋ ಔಷಧಿ. ಕೊನೇದು ನಿಮ್ಮ ರಕ್ತದ ತಿಳಿ. ಅರ್ಧ ಗಂಟೆ ಕೂತಿರಿ, ಕೆರೀಬೇಡಿ."

ಅವಳು ಬೆಂಚಿನ ಮೇಲೆ ಕೈ ಚಾಚಿಕೊಂಡು ಕೂತಳು. ಉಪ್ಪುನೀರು ಸುಮ್ಮನಿತ್ತು. ನಡುವಿನದು ಕೂಡಲೇ ಉಬ್ಬಿತು. ಮೂರನೆಯದು ಸ್ವಲ್ಪ ಹೊತ್ತು ಯೋಚನೆ ಮಾಡುವಂತಿದ್ದು, ಆಮೇಲೆ ಮೆಲ್ಲಗೆ ಕೆಂಪಾಗಿ, ಸುತ್ತಿನ ಗೆರೆಯನ್ನೂ ಮೀರಿ ಎದ್ದಿತು. ಅವಳು ಬೆರಗಾಗಿ ನೋಡಿದಳು. ಈಗಷ್ಟೇ ಈ ಕೈಯಿಂದ ಹೋದದ್ದು ಆ ಕೈಗೆ ಬಂದರೆ ಮೈಗೆ ಗುರುತು ಸಿಗಲಿಲ್ಲವೇ?

ಡಾಕ್ಟರಮ್ಮ ಅಳತೆಪಟ್ಟಿ ಇಟ್ಟು ನೋಡಿದರು. "ಹೀಗೆ ಏಳೋರಿಗೆ ಕಾಯಿಲೆ ಸ್ವಲ್ಪ ಜೋರಾಗಿರುತ್ತೆ, ಜಾಸ್ತಿ ದಿನ ಎಳೆಯುತ್ತೆ. ಎಲ್ಲರಿಗೂ ಹಾಗೇ ಅಂತ ಹೇಳಕ್ಕಾಗಲ್ಲ."

"ಚೀಟಿ ಕಮ್ಮಿ ಅಂತು, ಕೈ ಜೋರು ಅಂತೈತೆ. ನಾನು ಯಾವುದನ್ನ ಮನೇಗೆ ತಗೊಂಡೋಗ್ಲಿ ಮೇಡಮ್ಮ?"

ಡಾಕ್ಟರಮ್ಮನಿಗೆ ನಗು ಬಂತು. "ಎರಡೂ ಅಂದಾಜು ಅಷ್ಟೇ ಅಮ್ಮ. ನಿಮಗೆ ನಿದ್ದೆ ಬರುತ್ತಾ, ಕೆಲಸ ಮಾಡಕ್ಕಾಗುತ್ತಾ, ಅದನ್ನ ನೀವೇ ಹೇಳಬೇಕು. ಅದಕ್ಕೆ ಯಾವ ಮಷೀನೂ ಇಲ್ಲ."

ಮುನಿಗಂಗಮ್ಮ ಎದ್ದಳು. ಬಾಗಿಲ ತನಕ ಹೋಗಿ ತಿರುಗಿದಳು.

"ಎತ್ಕೋಬೌದಾ?"

"ಯಾರನ್ನ?"

"ಮೊಮ್ಮಗಳನ್ನ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇದು ಮುಟ್ಟಿದ್ರೆ ಅಂಟಲ್ಲ ಕಣಮ್ಮ. ಇಷ್ಟು ದಿನ ಎತ್ಕೊಂಡಿಲ್ವಾ?"

"ಅಂಟಲ್ಲ ಅಂದ್ರೆ ಪರೀಕ್ಷೆ ಯಾತಕ್ಕೆ ಮಾಡಿದ್ರಿ?"

"ಎಷ್ಟು ಜೋರಿದೆ ಅಂತ ನೋಡಿ, ಮಾತ್ರೆ ಎಷ್ಟು ಕೊಡಬೇಕು ಅಂತ ತಿಳ್ಕೊಳ್ಳೋಕೆ."

ಅವಳು ತಲೆಯಾಡಿಸಿದಳು. ತಲೆಗೆ ಮಾತ್ರ ಹತ್ತಲಿಲ್ಲ. ಇದೆ ಎಂದೂ ಇಲ್ಲ ಎಂದೂ ಹೇಳದ, ಉಳಿಸಿ ಎಂದೂ ಸುಡಿ ಎಂದೂ ಹೇಳದ ಪರೀಕ್ಷೆಯನ್ನು ಅವಳು ಕೇಳಿಯೇ ಇರಲಿಲ್ಲ.

ಮನೆಗೆ ಬಂದು ಕೈ ತೊಳೆದಳು. ಪೆನ್ನಿನ ಸುತ್ತುಗಳು ಹೋಗಲಿಲ್ಲ. ಬಾಗಿಲಲ್ಲಿ ನಿಂತವಳ ಕೈಯನ್ನು ಮಾಲಾ ನೋಡಿದಳು.

"ಇದೇನಮ್ಮ, ಹಚ್ಚೆ ಹಾಕಿಸ್ಕೊಂಡು ಬಂದ್ಯಾ?"

ಮುನಿಗಂಗಮ್ಮ ಹೇಳಿದಳು. ಕೋಠಿ, ಕುಟ್ಟಾಣಿ, ಗಾಜು, ಬೆಂಕಿ ಎಲ್ಲವನ್ನೂ ಹಿಂದುಮುಂದಾಗಿ ಹೇಳಿದಳು. ಮಾಲಾ ಬಿಟ್ಟ ಬಾಯಿ ಬಿಟ್ಟಂತೆ ಕೇಳಿದಳು. ನಗಬೇಕೆಂದು ಶುರುಮಾಡಿದ್ದು ನಡುವೆ ಎಲ್ಲೋ ಅಳುವಾಯಿತು.

"ನಾನೇನು ಮೊಟ್ಟೇನೇನಮ್ಮ ಸುಡೋಕೆ? ಇದನ್ನ ಹೇಳಕ್ಕೇನಾಗಿತ್ತು ನಿಂಗೆ? ನಾನು ಏನೇನೋ ಅಂದ್ಕೊಂಡೆ."

"ನಂಗೇ ಗೊತ್ತಿರ್ಲಿಲ್ಲವಲ್ಲಮ್ಮ. ಈಗ್ಲೂ ಸರಿಯಾಗಿ ಗೊತ್ತಿಲ್ಲ."

"ಗೊತ್ತಾಗೋ ತನಕ ಇದನ್ನ ಇಟ್ಕೋ" ಎಂದು ಮಾಲಾ ಜೋಲಿಯಿಂದ ಮಗುವನ್ನೆತ್ತಿ ಅವಳ ಮಡಿಲಿಗೆ ಹಾಕಿದಳು.

ಎಷ್ಟು ಹಗುರ! ಮುನಿಗಂಗಮ್ಮ ಉಸಿರು ಬಿಗಿಹಿಡಿದು ಕೂತಳು. ಮಗು ಮೂರನೆಯ ಸುತ್ತಿನ ಮೇಲೇ ಕೆನ್ನೆಯಿಟ್ಟು ನಿದ್ದೆ ಹೋಯಿತು. ಸ್ವಲ್ಪ ಹೊತ್ತಿಗೆ ಅದು ಮಗ್ಗುಲಾದಾಗ ನೋಡುತ್ತಾಳೆ, ಪುಟ್ಟ ತೋಳ ಮೇಲೆ ಕೆಂಪಗೊಂದು ಗೆರೆ! ಮಗಳನ್ನು ಕೂಗಲು ಬಾಯಿ ತೆರೆದವಳು ತಡೆದುಕೊಂಡಳು. ಗೆರೆ ನೋಡನೋಡುತ್ತ ತಿಳಿಯಾಯಿತು, ಮಾಸಿತು, ಹೋಯಿತು. ಅವಳ ಗಾಜಿನ ಬಳೆ ಒತ್ತಿದ್ದೋ, ಗಂಧೆಯೋ? ಗಂಧೆಯೂ ಹೀಗೇ ಬಂದು ಹೀಗೇ ಹೋಗುತ್ತದಲ್ಲ.

ತಿಳಿಯಲಿಲ್ಲ. ಬಳೆಗಳನ್ನು ಒಂದೊಂದಾಗಿ ಮೊಣಕೈಯತ್ತ ಸರಿಸಿಕೊಂಡು, ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಹುಳದ ಮನೆಯಿಂದ ಕೋನಪ್ಪ ಸೊಪ್ಪು ತರಲು ಕೂಗುತ್ತಿದ್ದ.

"ನೀನೇ ಹಾಕ್ಕೋ" ಎಂದಳು ಮುನಿಗಂಗಮ್ಮ. "ನನ್ನ ಕೈ ಬಿಡುವಿಲ್ಲ."