ಬೂದಿಯಲ್ಲಿ ಸಿಕ್ಕ ತತ್ತಿ ಸಿಪ್ಪೆ

ಶಾಂತಾ, ಆ ತತ್ತಿಗಳನ್ನು ಮನೆಗೆ ತಂದವನು ನಾನು. ನೀನು ತಿಂದಿರಲಿಲ್ಲ. ಹನ್ನೊಂದು ವರ್ಷದಿಂದ ನನಗೆ ಇದು ಗೊತ್ತು. ಗೊತ್ತಿದ್ದೂ ನಿನ್ನ ತಲೆಗೆ ಕಟ್ಟಿ, ಹೊಟ್ಟೆ ತುಂಬ ಉಂಡು ಮಲಗಿದೆ. ನಿದ್ದೆಯೇ ಬರುತ್ತಿರಲಿಲ್ಲ ಎಂದು ಬರೆದರೆ ನಿನಗೆ ಒಂದಿಷ್ಟು ಸಮಾಧಾನವಾಗಬಹುದೇನೋ — ಆದರೆ ಬರುತ್ತಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ನಾಲ್ಕು ದಿನದ ಹಿಂದೆ ಚಿಂಚೋಳಿಯಿಂದ ನನ್ನ ಮಗಳು ಫೋನ್ ಮಾಡಿದ್ದಳು. ಅವಳ ತಾಯಿ ತೀರಿಕೊಂಡ ಮೇಲೆ ದಿನಾ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದವಳು ನೀನು. ಈಗ ಅವಳಿಗೇ ಸಂಸಾರ. "ಅಪ್ಪಾ, ಇವರು ನಾಯಿ ತರೂನು ಅನ್ಲಿಕತ್ತಾರ. ಸಣ್ಣ ಜಾತಿದು ಬೇಸೋ, ದೊಡ್ಡ ಜಾತಿದೋ? ನೀ ಸಾಕೀದಿ, ನಿನಗ ಗೊತ್ತದಲ್ಲ" ಎಂದಳು. ನಾನು ಆಮೇಲೆ ಮಾಡುತ್ತೇನೆಂದು ಫೋನ್ ಇಟ್ಟುಬಿಟ್ಟೆ. ಇನ್ನೂ ಮಾಡಿಲ್ಲ.

ಇದೇ ಮಾತನ್ನು ಅಂದು ನಾನು ನಿನ್ನನ್ನು ಕೇಳಿದ್ದೆ, ನೆನಪಿದೆಯೇ? ಶಹಾಬಾದಿನ ಒಬ್ಬರ ಮನೆಯಲ್ಲಿ ಎರಡು ಮರಿ ಇದ್ದವು — ಒಂದು ಬಿಳಿ ಪಾಮೇರಿಯನ್, ಇನ್ನೊಂದು ಜರ್ಮನ್ ಶೆಫರ್ಡ್. ನೀನು ರೊಟ್ಟಿ ಬಡಿಯುತ್ತಲೇ ಹೇಳಿದೆ, "ಸಣ್ಣದು ತರ್ರಿ ಭಾವಾರ. ನಮ್ಮ ಮನ್ಯಾಗ ಹಾಲು ರೊಟ್ಟಿ ಬಿಟ್ರ ಏನ್ ಸಿಗ್ತದ ಅದಕ್ಕ? ದೊಡ್ಡದಕ್ಕ ಅದು ಸಾಲೂದಿಲ್ರಿ." ನಾನು ನಕ್ಕೆ. ಬೆಕ್ಕಿನಷ್ಟಿರುವ ನಾಯಿಯನ್ನು ಕಟ್ಟಿಕೊಂಡು ರಾವೂರಿನ ಖಣಿಗೆ ಹೋದರೆ ಕಲ್ಲು ಒಡೆಯುವವರು ನಗುವುದಿಲ್ಲವೇ? ಫರ್ಸಿ ಕಲ್ಲಿನ ಖಣಿಯ ಮಾಲೀಕನಾದ ನನಗೆ ಎದೆಯೆತ್ತರದ ನಾಯಿಯೇ ಬೇಕಿತ್ತು. ಅವ್ವನ ಎದುರು ಕೈಯೆತ್ತಿ ಮಾತು ಕೊಟ್ಟೆ: ಎಂಥ ನಾಯಿ ಬಂದರೂ ಹೊಸಲಿನೊಳಗೆ ತತ್ತಿ, ಮಾಂಸ ಬರುವುದಿಲ್ಲ. ಹಾಗೆ ರಾಜ ಬಂದ.

ಮೂರು ತಿಂಗಳಿಗೆ ಅವನ ಮುಂಗಾಲುಗಳು ಹೊರಕ್ಕೆ ಬಾಗತೊಡಗಿದವು. ಚಿತ್ತಾಪುರದ ದನದ ಡಾಕ್ಟರ್ ಕಾಲು ಒತ್ತಿ ನೋಡಿ ಬೈದರು. "ಇದು ಭಾಳ ಜಲ್ದಿ ಬೆಳಿಯೋ ಜಾತಿರೀ. ಬರೇ ರೊಟ್ಟಿ ಮ್ಯಾಲ ಎಲುಬು ಹ್ಯಾಂಗ ನಿಲ್ತಾವ? ದಿನಾ ತತ್ತಿ ಹಾಕ್ರಿ, ಸಿಪ್ಪಿ ಪುಡಿ ಮಾಡಿ ಅದನ್ನೂ ಹಾಕ್ರಿ." ಅಂದೇ ಬಂದು ಅವ್ವನಿಗೆ ಹೇಳಬಹುದಿತ್ತು, ಸಣ್ಣದು ತರಬೇಕಿತ್ತು, ಶಾಂತಾ ಹೇಳಿದ್ದೇ ಸರಿ ಎಂದು. ಅಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ. ಅಲ್ಲಿಂದ ದಿನಾ ವಾಡಿ ಸ್ಟೇಷನ್ ಹತ್ತಿರದ ಚಹಾ ಅಂಗಡಿಯಲ್ಲಿ ಕುದಿಸಿದ ತತ್ತಿ ಕೊಂಡು ಕಿಸೆಯಲ್ಲಿಟ್ಟುಕೊಂಡು ಬರತೊಡಗಿದೆ. ಮಧ್ಯಾಹ್ನ ನೀವೆಲ್ಲ ಅಡ್ಡಾದಾಗ ಹಿತ್ತಲಲ್ಲಿ ರಾಜನಿಗೆ ಹಾಕುತ್ತಿದ್ದೆ. ಸಿಪ್ಪೆಯನ್ನು ಅವನು ಉಗುಳುತ್ತಿದ್ದ. ಉಗುಳಿದ್ದನ್ನು ಆರಿಸಿ ಬಚ್ಚಲ ಒಲೆಯ ಬೂದಿಯಲ್ಲಿ ಹುಗಿದುಬಿಡುತ್ತಿದ್ದೆ.

ಬೂದಿಯಲ್ಲೇ ಪಾತ್ರೆ ತಿಕ್ಕುತ್ತಾರೆಂಬುದು ನನಗೆ ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಒಂದು ಲೋಟವನ್ನೂ ತಿಕ್ಕಿದವನಲ್ಲ ನಾನು. ಅಂದು ಸೋಮವಾರ. ಅವ್ವ ಪೂಜೆಯ ತಂಬಿಗೆ ತಿಕ್ಕಲು ಹಿಡಿ ಬೂದಿ ತೆಗೆದುಕೊಂಡಳು — ಅಂಗೈಯಲ್ಲಿ ತತ್ತಿ ಸಿಪ್ಪೆ.

ಆಗ ನಿನಗೆ ಆರು ತಿಂಗಳು. ನಿನಗೆ ರಕ್ತ ಕಡಿಮೆ ಇದೆ, ದಿನಕ್ಕೊಂದು ತತ್ತಿ ತಿನ್ನಬೇಕು ಎಂದು ನರ್ಸಮ್ಮ ಹಿಂದಿನ ವಾರವಷ್ಟೇ ಪಡಸಾಲೆಯಲ್ಲಿ ಕುಳಿತು ಹೇಳಿ ಹೋಗಿದ್ದಳು. ಅವ್ವ ಬೇರೆ ಯಾರ ಕಡೆಗೂ ನೋಡಲಿಲ್ಲ. ನೀನು ಕೊರಳಿನ ಲಿಂಗ ಹಿಡಿದುಕೊಂಡು, "ಇದರಾಣಿ ಅತ್ತಿ, ನಾ ಮುಟ್ಟಿಲ್ರಿ" ಎಂದೆ. "ಲಿಂಗ ಹಿಡಿದು ಸುಳ್ಳು ಹೇಳ್ತಿ!" ಎಂದಳು ಅವ್ವ. ತತ್ತಿಗಿಂತ ಅದೇ ದೊಡ್ಡ ಪಾಪವಾಯಿತು ಅವಳಿಗೆ. ನನ್ನ ತಮ್ಮ ಮಲ್ಲು, ನಿನ್ನ ಗಂಡ, ಏನೂ ತೋಚದೆ ನನ್ನ ಕಡೆ ತಿರುಗಿದ. "ಅಣ್ಣಾ, ನೀ ಏನಂತಿ?"

ಸುಮ್ಮನಿದ್ದಿದ್ದರೂ ಪಾಪ ಇಷ್ಟು ದೊಡ್ಡದಾಗುತ್ತಿರಲಿಲ್ಲ. ನಾನು ಮಾತಾಡಿದೆ — ಬಲು ಮೆತ್ತಗೆ, ದೊಡ್ಡ ಮನುಷ್ಯನ ಹಾಗೆ — "ಬಸುರಿ ಹೆಣ್ಮಗಳು, ಬಾಯಿ ಆಸಿ ಆಗಿರ್ತದ. ಹೋಗ್ಲಿ ಬಿಡವ್ವ."

ಆ ಮಾತಿಗೆ ನೀನು ನನ್ನ ಮುಖ ನೋಡಿದೆ. ನಿನಗೆ ಆಗಲೇ ತಿಳಿಯಿತೋ, ಅಥವಾ ನಾನೂ ನಂಬಲಿಲ್ಲವಲ್ಲ ಎಂದಷ್ಟೇ ನೊಂದುಕೊಂಡೆಯೋ... ನನಗೆ ಇಂದಿಗೂ ಗೊತ್ತಿಲ್ಲ. ಓಣಿಯಲ್ಲಿ ಮಾತ್ರ ಎಲ್ಲರೂ ನನ್ನನ್ನು ಹೊಗಳಿದರು, ಭಾವ ಅಂದರೆ ಹೀಗಿರಬೇಕು ಎಂದು.

ಅವ್ವ ನಿನಗೆ ಒಲೆ ಮುಟ್ಟಲು ಬಿಡಲಿಲ್ಲ. ಹದಿನೈದು ದಿನಕ್ಕೆ ಮಲ್ಲು ನಿನ್ನನ್ನು ಬಾಣಂತನಕ್ಕೆಂದು ನಿನ್ನ ತವರು ಮುಧೋಳಕ್ಕೆ ಬಿಟ್ಟು ಬಂದ. "ತಪ್ಪಾಯ್ತು ಅಂದ್ರ ಬರ್ಲಿ" ಎಂದಳು ಅವ್ವ. ಮಾಡದ ತಪ್ಪನ್ನು ಒಪ್ಪಿಕೊಳ್ಳುವುದಿಲ್ಲ ಎಂದು ನೀನು ಹೇಳಿ ಕಳಿಸಿದೆ. ಹೆಣ್ಣು ಮಗುವಾಯಿತೆಂದು ಸುದ್ದಿ ಬಂತು. ತೊಟ್ಟಿಲಿಗೆ ನಮ್ಮ ಮನೆಯಿಂದ ಯಾರೂ ಬರಲಿಲ್ಲ. ಮಲ್ಲು ಎರಡು ಸಲ ಹೊರಟು ನಿಂತಿದ್ದ. ಎರಡೂ ಸಲ ಅವ್ವ ಊಟ ಬಿಟ್ಟಳು. ಎರಡೂ ಸಲ ಅವನನ್ನು ತಡೆದು ಬುದ್ಧಿ ಹೇಳಿದವನು ನಾನು.

ಇನ್ನೊಂದಿದೆ. ನೀನು ಹೋದ ದಿನವೇ ನಾನು ತತ್ತಿ ತರುವುದನ್ನು ನಿಲ್ಲಿಸಿದೆ. ನೀನು ಹೋದ ಮೇಲೂ ಬೂದಿಯಲ್ಲಿ ಸಿಪ್ಪೆ ಸಿಕ್ಕರೆ ನೀನು ತಿಂದಿರಲಿಲ್ಲವೆಂದು ಗೊತ್ತಾಗಿಬಿಡುತ್ತಿತ್ತಲ್ಲ! ಖಣಿಯಲ್ಲಿ ಹಾಕಬಹುದಿತ್ತು ಎನ್ನುತ್ತೀಯಾ? ಅಲ್ಲಿಯೂ ನೋಡುವ ಕಣ್ಣುಗಳಿದ್ದವು, ನನಗೆ ಧೈರ್ಯವಿರಲಿಲ್ಲ. ರಾಜ ದಿನಾ ಮಧ್ಯಾಹ್ನ ಬಂದು ನನ್ನ ಕಿಸೆ ಮೂಸುತ್ತಿದ್ದ. ಮಳೆಗಾಲದ ಹೊತ್ತಿಗೆ ಅವನ ಕಾಲು ಪೂರ್ತಿ ಬಾಗಿ ಎದ್ದು ನಿಲ್ಲಲಾರದೆ ಹೋದ. ಫರ್ಸಿ ಕಲ್ಲಿನ ನೆಲದ ಮೇಲೆ ಮೊಣಕಾಲೂರಿ ತೆವಳುತ್ತಿದ್ದ, ತೆವಳಿದಲ್ಲೆಲ್ಲ ರಕ್ತ. ವರ್ಷ ತುಂಬುವ ಮೊದಲೇ ಸತ್ತ. ಅವನಿಗೆ ಏನು ಬೇಕೆಂದು ಗೊತ್ತಿದ್ದೂ ನಾನು ಕೊಡಲಿಲ್ಲ. ಇತ್ತ ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು, "ನೋಡ್ರಿ, ಆಕಿ ಹೋದ್ಲು, ಸಿಪ್ಪಿನೂ ಹೋದ್ವು." ನಾನು ಹೂಂ ಎನ್ನುತ್ತಿದ್ದೆ.

ಮಗಳ ಫೋನ್ ಬಂದ ಮೇಲೆ ಎರಡು ದಿನ ಖಣಿಗೆ ಹೋಗಲಿಲ್ಲ. ನಿನ್ನೆ ಬೆಳಗ್ಗೆ ಅವ್ವ ಪೂಜೆ ಮುಗಿಸಿ ಎದ್ದಳು. ಮಲ್ಲುವನ್ನೂ ಕರೆದು ಕೂರಿಸಿಕೊಂಡು ಎಲ್ಲ ಹೇಳಿದೆ. ಅವ್ವ ಕೇಳಿದಳು, "ಹಂಗಾರ ಆಕಿ ಲಿಂಗ ಹಿಡಿದು ಹೇಳಿದ್ದು ಖರೇ ಇತ್ತೇನೊ?"

"ಖರೇ ಇತ್ತವ್ವ" ಎಂದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಈ ಪತ್ರ ಮುಟ್ಟಿದ ಮರುದಿನ ನಾನು ಮುಧೋಳಕ್ಕೆ ಬರುತ್ತೇನೆ. ಕ್ಷಮೆ ಕೇಳುವುದಕ್ಕಲ್ಲ, ಕೇಳುವ ಮುಖ ನನಗಿಲ್ಲ. ಒಳಗೂ ಕರೆಯಬೇಡ. ನಿಮ್ಮಪ್ಪನ ಮನೆಯ ಮುಂದೆ ನಿಂತು ಓಣಿಯವರೆಲ್ಲ ಕೇಳುವ ಹಾಗೆ ನಡೆದದ್ದನ್ನು ಹೇಳಿ ಹೋಗುತ್ತೇನೆ. ಇದನ್ನು ಮಲ್ಲುವಿಗೂ ಹೇಳಿದೆ. ಅವನು ಬಾಗಿಲವರೆಗೆ ಹೋಗಿ ನಿಂತ. ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

"ನನ್ನ ಮಗಳು ಮೊದಲ ಹೆಜ್ಜಿ ಇಟ್ಟದ್ದು ನಾ ನೋಡ್ಲಿಲ್ಲಣ್ಣ," ಎಂದ. "ಅದನ್ನ ಯಾರ ಮುಂದ ಹೇಳ್ತಿ?"

ಆದರೂ ಬರುತ್ತೇನೆ.